ಬಿಸಿಲು ಗೋಡೆ ಮುಟ್ಟುವ ಮೊದಲೇ

ಬೇಸಿಗೆಯಲ್ಲಿ ಮನೆ ಬಿಸಿಯಾಗುವುದು ನೆತ್ತಿಯ ಮೇಲಿನ ಸೂರ್ಯನಿಂದ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ತಾರಸಿಯ ಮಟ್ಟಿಗೆ ಅದು ನಿಜ. ಗೋಡೆಗಳ ಕತೆ ಬೇರೆ, ಅವುಗಳಿಗೆ ಬಳ್ಳಿಯ ನೆರಳು ಬೇಕು. ನಮ್ಮ ಮನೆಯಲ್ಲಿ ಅಮ್ಮನ ಕೋಣೆ ಪಶ್ಚಿಮಕ್ಕಿದೆ. ಇಳಿಹೊತ್ತಿನ ಬಿಸಿಲು ಓರೆಯಾಗಿ ಬೀಳುವುದರಿಂದ ಕಿಟಕಿಯ ಮೇಲಿನ ಸಜ್ಜಾ ಇದ್ದೂ ಇಲ್ಲದ ಹಾಗೆ. ಇಟ್ಟಿಗೆ ಗೋಡೆ ಆ ಶಾಖವನ್ನೆಲ್ಲ ಕುಡಿದು, ರಾತ್ರಿ ನಿಧಾನವಾಗಿ ಒಳಗೆ ಬಿಡುತ್ತಿತ್ತು. ಹೊರಗೆ ತಂಪಾದ ಮೇಲೂ ಅಮ್ಮ ಮಂಚವನ್ನು ಗೋಡೆಯಿಂದ ದೂರ ಎಳೆದುಕೊಂಡು ಮಲಗುತ್ತಿದ್ದರು.

ದಪ್ಪ ಪರದೆ ಹಾಕಿದರೆ ಸಾಕಲ್ವಾ? ಸಾಲದು. ಗಾಜು ದಾಟಿ ಒಳಗೆ ಬಂದ ಶಾಖದಲ್ಲಿ ಹೆಚ್ಚಿನ ಪಾಲು ಕೋಣೆಯಲ್ಲೇ ಉಳಿಯುತ್ತದೆ. ಗೋಡೆಗಂತೂ ಪರದೆಯಿಂದ ಏನೂ ಉಪಯೋಗವಿಲ್ಲ. ಬಿಸಿಲನ್ನು ಹೊರಗೇ ತಡೆಯಬೇಕು. ಗೋಡೆಯ ಮುಂದೆ ಹಬ್ಬಿಸಿದ ಬಳ್ಳಿ ಮಾಡುವುದು ಅದನ್ನೇ.

ತಗಡು ಕಟ್ಟಿದರೂ ನೆರಳು ಸಿಗುತ್ತದೆ. ಆದರೆ ತಗಡು ತಾನೇ ಕಾದು ಗೋಡೆಯತ್ತ ಶಾಖ ಬೀರುತ್ತದೆ. ಎಲೆ ಹಾಗಲ್ಲ, ಬೇರು ಎಳೆದ ನೀರನ್ನು ಆವಿಯಾಗಿ ಬಿಡುತ್ತಾ ಇರುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.67 ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ಆ ಶಾಖ ಹೋಗುವುದು ಬಿಸಿಲಿನಿಂದ, ಸುತ್ತಲಿನ ಗಾಳಿಯಿಂದ. ಹಾಗಾಗಿ ನೀರು ತಪ್ಪಿಸಿದರೆ ಅರ್ಧ ಲಾಭ ಹೋದಂತೆ. ಬಾಡಿದ ಎಲೆ ನೆರಳನ್ನೂ ಸರಿಯಾಗಿ ಕೊಡುವುದಿಲ್ಲ.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಬಳ್ಳಿಯನ್ನು ಗೋಡೆಗೇ ಹಬ್ಬಿಸಬೇಡಿ. ಅರ್ಧ ಅಡಿಯಿಂದ ಒಂದು ಅಡಿ ಜಾಗ ಬಿಟ್ಟು ಚೌಕಟ್ಟು ನಿಲ್ಲಿಸಿ. ಆ ಸಂದಿಯಲ್ಲಿ ಗಾಳಿ ಆಡುತ್ತದೆ, ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಗೋಡೆ ಒಣಗಿರುತ್ತದೆ. ಬೇರಿನಿಂದಲೇ ಗೋಡೆಗೆ ಅಂಟಿಕೊಳ್ಳುವ ಬಳ್ಳಿಗಳು ನೋಡೋಕೆ ಚೆಂದ. ಆದರೆ ಗಾರೆಯಲ್ಲಿ ಬಿರುಕಿದ್ದರೆ ಬೇರು ಅಲ್ಲಿಗೇ ಇಳಿಯುತ್ತದೆ, ಕಿತ್ತರೆ ಗಾರೆಯೂ ಜೊತೆಗೆ ಬರುತ್ತದೆ.

ಚೌಕಟ್ಟು ಹೇಗಿರಬೇಕು ಅನ್ನುವುದನ್ನು ಬಳ್ಳಿಯೇ ತೀರ್ಮಾನಿಸುತ್ತದೆ. ಬಳ್ಳಿ ಹುರುಳಿಕಾಯಿಯ (ಬೀನ್ಸ್) ಕಾಂಡ ತಾನೇ ಆಸರೆಯನ್ನು ಸುತ್ತುತ್ತದೆ. ಅದಕ್ಕೆ ನೇರವಾಗಿ ಇಳಿಬಿಟ್ಟ ಹಗ್ಗ ಸಾಕು. ಮೇಲಿಂದ ನೋಡಿದರೆ ಅದು ಏರುವುದು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ. ನಾವು ಇನ್ನೊಂದು ಕಡೆಗೆ ಸುತ್ತಿಸಿದರೆ ಹೊಸ ತುದಿ ಮತ್ತೆ ತನ್ನ ದಿಕ್ಕಿಗೇ ಹೊರಳುತ್ತದೆ. ಹಾಗಲ, ಹೀರೆಗಳದ್ದು ಬೇರೆ ದಾರಿ. ಇವು ದಾರದಂಥ ಕುಡಿ ಚಾಚಿ ಹಿಡಿಯುತ್ತವೆ. ದಪ್ಪ ಕಂಬ ಆ ಕುಡಿಯ ಹಿಡಿತಕ್ಕೆ ಸಿಗುವುದಿಲ್ಲ. ತೆಳು ತಂತಿ ಅಥವಾ ಬಲೆ ಬೇಕು. ಹಿಡಿದ ಮೇಲೆ ಕುಡಿ ಸ್ಪ್ರಿಂಗಿನ ಹಾಗೆ ಸುರುಳಿಯಾಗುತ್ತದೆ, ಅರ್ಧ ಒಂದು ಕಡೆಗೆ, ಇನ್ನರ್ಧ ಇನ್ನೊಂದು ಕಡೆಗೆ. ಎರಡು ತುದಿಯೂ ಕಟ್ಟಿಹಾಕಿದಂತೆ ಇರುವಾಗ ಹಾಗಲ್ಲದೆ ಸುರುಳಿ ಸುತ್ತೋಕೆ ಆಗುವುದಿಲ್ಲ. ಜೋರು ಗಾಳಿಗೆ ಬಳ್ಳಿ ಜಗ್ಗಿದಾಗ ಆ ಸುರುಳಿ ಹಿಗ್ಗಿ ಕುಗ್ಗಿ ಅದನ್ನು ಕಾಯುತ್ತದೆ. ಅಮ್ಮನಿಗೆ ಇದನ್ನು ತೋರಿಸಿದ ಮೇಲೆ ಅವರು ಬೆಳಗ್ಗೆ ಎದ್ದು ಮೊದಲು ನೋಡುವುದು ಹೊಸ ಕುಡಿ ಏನನ್ನು ಹಿಡಿದಿದೆ ಅಂತ.

ಒಂದೇ ಋತುವಿನ ಬಳ್ಳಿಯಾದರೆ ಬಿಸಿಲು ಏರುವ ಸುಮಾರು ಎರಡು ತಿಂಗಳ ಮೊದಲೇ ಬೀಜ ಹಾಕಿ. ಸೆಕೆ ಶುರುವಾದ ಮೇಲೆ ಬಿತ್ತಿದರೆ ನೆರಳು ಬರುವಷ್ಟರಲ್ಲಿ ಬೇಸಿಗೆ ಮುಗಿದಿರುತ್ತದೆ. ಚಳಿ ಜಾಸ್ತಿ ಇರುವ ಕಡೆ ದ್ರಾಕ್ಷಿ ಒಳ್ಳೆಯದು. ಚಳಿಗಾಲದಲ್ಲಿ ಎಲೆ ಉದುರಿಸಿ, ಬಿಸಿಲು ಬೇಕಾದಾಗ ತಾನೇ ದಾರಿ ಬಿಡುತ್ತದೆ. ಕುಂಡದಲ್ಲಿ ಬೆಳೆಸುವವರು ದೊಡ್ಡ ಕುಂಡವನ್ನೇ ಇಡಿ. ಚಿಕ್ಕದರಲ್ಲಿ ಮಣ್ಣು ಬೇಗ ಒಣಗುತ್ತದೆ.

ಕಿಟಕಿಯ ಎದುರು ಮಾತ್ರ ಎಲೆ ಸ್ವಲ್ಪ ತೆಳುವಾಗಿರಲಿ. ಸಂಜೆಯ ಗಾಳಿ ಒಳಗೆ ಬರಬೇಕಲ್ವಾ? ನಾನು ಅಲ್ಲಿ ಆಗಾಗ ಕೆಲವು ಎಲೆ ಸವರುತ್ತೇನೆ. ಕರೆಂಟ್ ತಂತಿಯ ಕಡೆ ಹೊರಟ ತುದಿಗಳನ್ನು ಎಳೆಯದಾಗಿರುವಾಗಲೇ ಕತ್ತರಿಸುತ್ತೇನೆ.