ಡಸ್ಟರ್ ಸದ್ದು

2025 ಜನವರಿ 21, ಮಂಗಳವಾರ

ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ಪುಟ್ಟಿಯ ಅಜ್ಜಿ ಸಿಕ್ಕಿದರು. ನಾನೇ ಕೇಳಿದೆ. "ಅಜ್ಜಿ, ಪಕ್ಕದ ಕ್ಲಾಸಲ್ಲಿ ಟೇಬಲ್ ಮೇಲೆ ಡಸ್ಟರ್ ಕುಟ್ಟಿದ್ರೂ ಇವಳು ಕಿವಿ ಮುಚ್ಕೊಂಡು ಕೂತ್ಬಿಡ್ತಾಳಲ್ಲ, ಯಾಕೆ?"

ಅಜ್ಜಿ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು. "ಮೊದಲಿದ್ದ ಸ್ಕೂಲಲ್ಲಿ ಹಂಗೇ ಕುಟ್ತಿದ್ರಂತೆ ಮಿಸ್ಸೇ. ಕುಟ್ಟಿದ ಮೇಲೆ ಲೆಕ್ಕ ತಪ್ಪಿದೋರ ಕೈಬೆರಳಿಗೆ ಏಟು. ಈಗ್ಲೂ ಬೆಳಗ್ಗೆ ಅತ್ರೆ ಮನೇಲೇ ಇರು ಅಂತೀನಿ. ಆಮೇಲೆ ಆರಾಮಾಗಿ ಆಡ್ಕೊಂಡಿರ್ತಾಳೆ."

ನನಗೆ ಸಿಟ್ಟು ಬಂತು. ಯಾರ ಮೇಲೆ ತೋರಿಸುವುದು?

ಡಿ.ಎಡ್. ಟೀಚರ್ ತರಬೇತಿಯಲ್ಲಿ ಅನುಬಂಧನ (ಒಂದರ ಜೊತೆ ಇನ್ನೊಂದು ಮನಸ್ಸಿನಲ್ಲಿ ಅಂಟಿಕೊಳ್ಳುವುದು) ಎಂದರೆ ರಷ್ಯಾದ ವಿಜ್ಞಾನಿ ಪಾವ್ಲೋವ್ ಅವರ ನಾಯಿ, ಜೊಲ್ಲು, ಐದು ಅಂಕ. ಅಷ್ಟೇ. ಸದ್ದಿನ ಹಿಂದೆಯೇ ಊಟ ಬರುತ್ತಿದ್ದರೆ, ಬರಿಯ ಸದ್ದಿಗೂ ನಾಯಿಯ ಬಾಯಲ್ಲಿ ನೀರೂರುತ್ತದೆ. ಊಟದ ಜಾಗದಲ್ಲಿ ಏಟು ಇಟ್ಟರೆ ನಮ್ಮ ಪುಟ್ಟಿ. ಇದು ಅವಳು ಯೋಚಿಸಿ ಕಲಿತದ್ದಲ್ಲ. "ಹೆದರಬೇಡ, ಇಲ್ಲಿ ಯಾರೂ ಹೊಡೆಯಲ್ಲ" ಎಂದು ನಾನು ಎಷ್ಟು ಹೇಳಿದರೂ ಅವಳ ಕೈ ಕಿವಿಗೆ ಹೋಗುವುದು ಅದಕ್ಕೇ.

ಸಂಜೆಯೆಲ್ಲ ಆಲ್ಬರ್ಟ್ ಎಂಬ ಮಗುವಿನದೇ ನೆನಪು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಾಟ್ಸನ್ ಮತ್ತು ರೇನರ್ ಎಂಬ ಸಂಶೋಧಕರು ಮಾಡಿ 1920ರಲ್ಲಿ ಪ್ರಕಟಿಸಿದ ಪ್ರಯೋಗ. ಬಿಳಿ ಇಲಿಯನ್ನು ಮುಟ್ಟಲು ಹೋದಾಗಲೆಲ್ಲ ಮಗುವಿನ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಹೊಡೆದರು. ಆಗ ಅದಕ್ಕೆ ಇನ್ನೂ 11 ತಿಂಗಳು. ಆಮೇಲೆ ಮೊಲ ಕಂಡರೂ ಅಳು, ತುಪ್ಪಳದ ಕೋಟು ಕಂಡರೂ ಅಳು. ಆ ಭಯ ಕಳೆಯುವ ಕೆಲಸ ಮಾಡದೆಯೇ ಮಗುವನ್ನು ಆಸ್ಪತ್ರೆಯಿಂದ ಕಳಿಸಿಬಿಟ್ಟರು. ಇದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ.

ನಮ್ಮಂಥ ಟೀಚರುಗಳಿಗೆ ಬೇಕಾದ್ದು ಪೀಟರ್‌ನ ಕಥೆ. ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ 1924ರಲ್ಲಿ ಬರೆದದ್ದು. ಮೂರು ವರ್ಷವೂ ತುಂಬದ ಹುಡುಗ, ಮೊಲ ಕಂಡರೆ ಭಯ. ಅವನು ಇಷ್ಟದ ತಿಂಡಿ ತಿನ್ನುವಾಗ ದೂರದಲ್ಲಿ ಮೊಲದ ಪಂಜರ ಇಟ್ಟರು. ಅವನು ಅಳದಷ್ಟು ದೂರ. ದಿನ ಕಳೆದ ಹಾಗೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನೂ ಜೊತೆಗೆ ಬಿಟ್ಟರು. ಕೊನೆಗೆ ಮೊಲ ಬೆರಳನ್ನು ಮೆಲ್ಲಗೆ ಕಚ್ಚಿದರೂ ಅವನು ಸುಮ್ನೆ ಬಿಟ್ಟುಕೊಂಡಿದ್ದ! ಇದು ನನಗೆ ತುಂಬಾ ಇಷ್ಟ.

ಆದರೆ ಅಜ್ಜಿಯ ಆ ಕೊನೆಯ ಮಾತು. ಅತ್ತರೆ ಮನೆಯಲ್ಲಿ ಉಳಿಯಬಹುದು, ಉಳಿದರೆ ಆ ಹೊತ್ತಿನ ಭಯ ಹೋಗುತ್ತದೆ. ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಹೇಳಿದ ಋಣಾತ್ಮಕ ಪುನರ್ಬಲನ (ಬೇಡದ್ದು ತಪ್ಪಿದ್ದರಿಂದಲೇ ಒಂದು ನಡವಳಿಕೆ ಗಟ್ಟಿಯಾಗುವುದು) ಅಂದರೆ ಇದೇ ಅಲ್ವಾ? ಆ ನೆಮ್ಮದಿಯೇ ಮರುದಿನದ ಅಳುವನ್ನು ಗಟ್ಟಿ ಮಾಡುತ್ತದೆ. ಏಟಿಲ್ಲದ ಡಸ್ಟರ್ ಸದ್ದನ್ನು ಅವಳು ಕೇಳುತ್ತಾ ಹೋದರೆ ತಾನೇ ಭಯ ಸವೆಯುವುದು? ಅಜ್ಜಿಯದು ಪ್ರೀತಿ. ಅವರಿಗೆ ಇದನ್ನು ನೋವಾಗದ ಹಾಗೆ ಹೇಳಬೇಕು.

ಚಿಕ್ಕಿ ಕೊಡುವ ಹೊತ್ತಿಗೆ ಪುಟ್ಟಿಯ ಕೈಗೇ ಡಸ್ಟರ್ ಕೊಟ್ಟು, ಮೆತ್ತಗೆ ಕುಟ್ಟು ಎಂದರೆ? ಗೆಳತಿಯರೂ ಪಕ್ಕದಲ್ಲಿರಲಿ. ಹೆಡ್ ಮಿಸ್ ಬೇಡ ಎನ್ನಲಾರರು.

ಪೀಟರ್‌ಗೂ ಮಧ್ಯೆ ಕಾಯಿಲೆಯಾಗಿ, ಆಸ್ಪತ್ರೆಯಿಂದ ಬರುವಾಗ ದೊಡ್ಡ ನಾಯಿ ಮೇಲೆ ಹಾರಿ, ಹೋದ ಭಯವೆಲ್ಲ ವಾಪಸ್ ಬಂದಿತ್ತು. ಮತ್ತೆ ಮೊದಲಿಂದ ಶುರು ಮಾಡಿದರು. ಜೂನ್‌ನಲ್ಲಿ ಪುಟ್ಟಿ ಮೂರನೇ ಕ್ಲಾಸು. ಟೀಚರ್ ಬೇರೆ. ಅವರಿಗೆ ಈಗಲೇ ಹೇಳಿಡಲೇ, ಅಥವಾ