ಮಗಳು ಸಿನಿಮಾ ನೋಡಿ ನಾಯಿ ಬೇಕು ಅಂತಾಳೆ, ಯಾವ ಜಾತಿ ತರೋಣ?

ರಾಯಚೂರಿನಲ್ಲಿ ನಮ್ಮದು ದನಕರುಗಳ ಔಷಧಿ ಅಂಗಡಿ. ಅಪ್ಪನ ಕಾಲದಲ್ಲಿ ಎಮ್ಮೆ, ಎತ್ತು, ಕುರಿ ಸಾಕಿದವರು ಮಾತ್ರ ಬರುತ್ತಿದ್ದರು. ಜಂತಿನ ಔಷಧಿ, ಕೆಚ್ಚಲು ಬಾವಿಗೆ ಟ್ಯೂಬು, ಇಷ್ಟೇ ವ್ಯಾಪಾರ. ಈಗ ನಾಯಿ ಸಾಕಿದವರೂ ಬರುತ್ತಾರೆ, ಸಾಕಬೇಕು ಅನ್ನುವವರೂ ಬರುತ್ತಾರೆ. ಶಾಲೆಗೆ ರಜೆ ಬಿಟ್ಟ ಮೇಲೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುತ್ತೇನೆ.

"ಅಣ್ಣಾರ, ನಮ್ಮ ಹುಡುಗಿ ಆ ನಾಯಿ ಪಿಕ್ಚರ್ ನೋಡ್ಯಾಳ್ರಿ. ಈಗ ನಾಯಿಮರಿ ಬೇಕಂತ ಹಟ ಹಿಡದಾಳ. ಯಾವ ಜಾತಿ ತರೋಣ್ರಿ?"

ಆ ನಾಯಿ ಪಿಕ್ಚರ್ ಅಂದರೆ ಹೆಚ್ಚಿನ ಸಲ 'ದಿ ಸೀಕ್ರೆಟ್ ಲೈಫ್ ಆಫ್ ಪೆಟ್ಸ್' ಅನ್ನೋ ಇಂಗ್ಲಿಷ್ ಕಾರ್ಟೂನ್ ಸಿನಿಮಾ. ಮಿನಿಯನ್‌ಗಳನ್ನು ಮಾಡಿದ ಇಲ್ಯುಮಿನೇಶನ್ ಕಂಪನಿಯದು. ಮೊದಲ ಭಾಗ 2016ರಲ್ಲಿ ಬಂತು, ಎರಡನೆಯದು 2019ರಲ್ಲಿ. ನಾನು ಎರಡನ್ನೂ ಮಕ್ಕಳ ಜೊತೆ ಕೂತು ನೋಡಿದ್ದೇನೆ, ಮೊದಲನೆಯದನ್ನು ಮೂರು ಸಲ. ನನಗೆ ತುಂಬಾ ಇಷ್ಟ. ಆದರೆ ಅದನ್ನು ನೋಡಿ ಯಾವ ಜಾತಿ ಅಂತ ಕೇಳುವುದಕ್ಕಿಂತ ಮುಂಚೆ, ಅದರಲ್ಲೇ ಇರುವ ಇನ್ನೊಂದು ಪ್ರಶ್ನೆ ಕೇಳಬೇಕು ಅಂತ ನನಗನಿಸುತ್ತದೆ. ನೀವು ಹೊರಗೆ ಹೋದಾಗ ಮನೆಯಲ್ಲಿ ಯಾರಿರುತ್ತಾರೆ?

ಸಿನಿಮಾ ಶುರುವಾಗುವುದೇ ಅಲ್ಲಿಂದ. ನ್ಯೂಯಾರ್ಕ್‌ನ ಫ್ಲ್ಯಾಟುಗಳಲ್ಲಿ ಎಲ್ಲರೂ ಬಾಗಿಲು ಹಾಕಿ ಕೆಲಸಕ್ಕೆ ಹೋಗುತ್ತಾರೆ. ಆಮೇಲೆ ಒಂದು ನಾಯಿ ಹಿಟ್ಟು ಕಲಸುವ ಮಷಿನ್ನಿಗೆ ಬೆನ್ನು ಕೊಟ್ಟು ಉಜ್ಜಿಸಿಕೊಳ್ಳುತ್ತದೆ. ದಪ್ಪ ಬೆಕ್ಕು ಫ್ರಿಜ್ ಬಾಗಿಲು ತೆಗೆಯುತ್ತದೆ. ಶಿಸ್ತಾಗಿ ಕೂತಿದ್ದ ಪೂಡಲ್ ನಾಯಿ ಜೋರು ಸಂಗೀತಕ್ಕೆ ತಲೆ ಕುಣಿಸುತ್ತದೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಆದರೆ ಕಥೆಯ ನಾಯಕ, ಮ್ಯಾಕ್ಸ್ ಅನ್ನೋ ನಾಯಿ, ಇದ್ಯಾವುದನ್ನೂ ಮಾಡುವುದಿಲ್ಲ. ಅವನ ಇಡೀ ದಿನದ ಕೆಲಸ ಒಂದೇ. ಬಾಗಿಲ ಮುಂದೆ ಕೂತು ತನ್ನನ್ನು ಸಾಕಿದ ಕೇಟಿ ಬರುವುದನ್ನು ಕಾಯುವುದು.

ಹೋದ ಬೇಸಿಗೆಯಲ್ಲಿ ನಾವು ಸಿಂಧನೂರಿಗೆ ಮದುವೆಗೆ ಹೋಗಿದ್ದೆವು. ಬೆಳಿಗ್ಗೆ ಹೋಗಿ ಸಂಜೆ ಬಂದೆವು. ನಮ್ಮ ನಾಯಿ ಕೆಂಚ ಮನೆಯಲ್ಲೇ ಇದ್ದ. ರಾತ್ರಿ ಕ್ಯಾಮೆರಾದಲ್ಲಿ ಅವನ ದಿನವನ್ನು ನೋಡಿದೆ. ನಾವು ಹೋದ ಮೇಲೆ ಬಾಗಿಲ ಸಂದಿಗೆ ಮೂಗು ಇಟ್ಟು ಬಹಳ ಹೊತ್ತು ಮಲಗಿದ್ದ. ಹತ್ತರ ಹೊತ್ತಿಗೆ ಅಲ್ಲಿ ಬಿಸಿ ಗಾಳಿ ನುಗ್ಗತೊಡಗಿತು. ಎದ್ದು ನಡುಮನೆಯ ಶಹಾಬಾದ್ ಕಲ್ಲಿನ ಮೇಲೆ ಹೊಟ್ಟೆ ಚಾಚಿದ. ಮಧ್ಯಾಹ್ನ ಬಚ್ಚಲಿಗೆ ಹೋದ. ಆದರೆ ಓಣಿಯಲ್ಲಿ ಒಂದೊಂದು ಗಾಡಿ ಹೋದಾಗಲೂ ಎದ್ದು ಬಾಗಿಲಿಗೆ ಬಂದು ನೋಡಿ ಮತ್ತೆ ವಾಪಸ್ ಹೋಗುತ್ತಿದ್ದ. ಎಣಿಸಿದೆ, ಹದಿನೇಳು ಸಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಹೊರಗೆ ಹೋಗುವುದು ಕಡಿಮೆಯಾಯಿತು.

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ, ಮಗು ಶಾಲೆ ಮುಗಿಸಿ ಟ್ಯೂಷನ್‌ಗೆ. ಹಾಗಿದ್ದರೆ ಈಗ ಬೇಡ ಅಂತಲೇ ನಾನು ಹೇಳುತ್ತೇನೆ. ಅಜ್ಜನೋ ಅಜ್ಜಿಯೋ ಮನೆಯಲ್ಲಿದ್ದು, ಅವರಿಗೂ ನಾಯಿ ಇಷ್ಟ ಇದ್ದರೆ ಮುಂದಿನ ಮಾತು.

ಈಗ ಜಾತಿಯ ವಿಷಯ. ಸಿನಿಮಾದ ನಾಯಿಗಳನ್ನೆಲ್ಲ ರಾಯಚೂರಿಗೆ ಕರೆತಂದರೆ ಏನಾಗಬಹುದು ನೋಡೋಣ. ಮ್ಯಾಕ್ಸ್‌ನ ಜೊತೆಗಾರ ಡ್ಯೂಕ್, ಮೈತುಂಬ ಕಂದು ಕೂದಲಿನ ಗುಡ್ಡದಂಥ ನಾಯಿ, ನ್ಯೂಫೌಂಡ್‌ಲ್ಯಾಂಡ್ ಜಾತಿಯ ಮಿಶ್ರಣ. ಆ ಜಾತಿ ಕೆನಡಾದ ಚಳಿ ಸಮುದ್ರದ ದಂಡೆಯದು. ಮೈಮೇಲೆ ಎರಡು ಪದರ ಕೂದಲು. ಮೆಲ್ ಪಗ್ ಜಾತಿ. ಎರಡನೇ ಭಾಗದ ಡೈಸಿ ಶಿಹ್ ತ್ಸು. ಇವೆರಡಕ್ಕೂ ಮೂತಿ ಚಪ್ಪಟೆ. ಬಿಳಿ ಗಿಜೆಟ್ ಪೊಮೆರೇನಿಯನ್, ಅದಕ್ಕೂ ದಟ್ಟ ಕೂದಲು.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಲ್ಲಿ ಸ್ವಲ್ಪ ಬೆವರುತ್ತದೆ, ಅಷ್ಟೇ. ಉಳಿದ ಕಾವನ್ನೆಲ್ಲ ನಾಲಿಗೆ ಹೊರಗೆ ಹಾಕಿ ತೇಕುತ್ತಾ ಉಸಿರಿನ ಮೂಲಕವೇ ಕಳೆಯಬೇಕು. ಮೂತಿ ಚಪ್ಪಟೆ ಇದ್ದರೆ ಉಸಿರಿನ ದಾರಿಯೇ ಇಕ್ಕಟ್ಟು. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ನಾಯಿಯ ಮೈಯ ಸಾಮಾನ್ಯ ಕಾವು 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೆ ಅಪಾಯ. ಅಂದರೆ ಹೊರಗಿನ ಗಾಳಿಯೇ ಅದರ ಮೈಗಿಂತ ಬಿಸಿ. ತೇಕಿ ಎಷ್ಟು ಅಂತ ತಣ್ಣಗಾಗಬೇಕು ಅದು?

ಒಂದು ಮಧ್ಯಾಹ್ನ ಒಬ್ಬರು ಬೈಕಿನಲ್ಲಿ ಪಗ್ ನಾಯಿಯನ್ನು ತಂದರು. ನಾಲಿಗೆ ನೀಲಿಯಾಗಿತ್ತು. ಅಂಗಡಿಯ ನೆರಳಲ್ಲಿ ಮಲಗಿಸಿ, ಟವೆಲ್ಲು ಒದ್ದೆ ಮಾಡಿ ಪಾದಕ್ಕೆ, ಹೊಟ್ಟೆಗೆ, ತೊಡೆಸಂದಿಗೆ ಒರೆಸಿದೆವು. ಫ್ಯಾನು ಹಚ್ಚಿದೆವು. ಡಾಕ್ಟರು ಬರುವಷ್ಟರಲ್ಲಿ ಉಸಿರು ಸ್ವಲ್ಪ ಹದಕ್ಕೆ ಬಂದಿತ್ತು. ಬದುಕಿತು. ಅವರು ಹೊರಟಿದ್ದು ನಾಯಿಗೆ ಸಾಬೂನು ತರಲಿಕ್ಕೆ, ಮಗಳ ಖುಷಿಗೆ ಅದನ್ನೂ ಕೂರಿಸಿಕೊಂಡು ಬಂದಿದ್ದರು. ಪ್ರೀತಿ ಏನೂ ಕಡಿಮೆ ಇರಲಿಲ್ಲ. ಬಿಸಿಲಿನ ಲೆಕ್ಕ ಗೊತ್ತಿರಲಿಲ್ಲ. ಇಂಥ ನಾಯಿ ಈಗಾಗಲೇ ನಿಮ್ಮಲ್ಲಿದ್ದರೆ ಬೆಳಿಗ್ಗೆ ಏಳರೊಳಗೆ, ಸಂಜೆ ಏಳರ ಮೇಲೆ ಮಾತ್ರ ತಿರುಗಾಡಿಸಿ. ಡಾಂಬರಿನ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿ, ನಿಮಗೆ ಸುಟ್ಟರೆ ಅದಕ್ಕೂ ಸುಡುತ್ತದೆ. ಎರಡು ಪದರ ಕೂದಲಿದ್ದರೆ ಬೋಳಿಸಬೇಡಿ, ಆ ಕೂದಲು ಬಿಸಿಲನ್ನೂ ತಡೆಯುತ್ತದೆ.

ಮಕ್ಕಳ ಜೊತೆ ಸಿನಿಮಾ ನೋಡುವಾಗ ಎರಡು ಕಡೆ ನಿಲ್ಲಿಸಿ ಮಾತಾಡಿ ಅಂತ ನಾನು ಕೇಳಿಕೊಳ್ಳುತ್ತೇನೆ. ಒಂದು, ಊರಿನ ಚರಂಡಿಯ ಕೆಳಗೆ ಸ್ನೋಬಾಲ್ ಅನ್ನೋ ಬಿಳಿ ಮೊಲದ ದಂಡು ಇರುವ ಭಾಗ. ಆ ಪ್ರಾಣಿಗಳೆಲ್ಲ ಯಾರೋ ಒಬ್ಬರು ಆಸೆಪಟ್ಟು ತಂದು, ಆಮೇಲೆ ಬೇಡವಾಗಿ ಬಿಟ್ಟವು. ನಗಿಸುವ ದೃಶ್ಯ, ಆದರೆ ನಮ್ಮೂರಲ್ಲಿ ಇದು ಕಣ್ಣೆದುರೇ ನಡೆಯುತ್ತದೆ. ರಜೆಯಲ್ಲಿ ತಂದ ಮರಿಯನ್ನು ಶಾಲೆ ಶುರುವಾದ ಮೇಲೆ ಊರ ಹೊರಗೆ ಬಿಟ್ಟು ಬಂದವರನ್ನು ನಾನು ಬಲ್ಲೆ. ಕೊರಳಲ್ಲಿ ಪಟ್ಟಿ ಹಾಗೇ ಇರುತ್ತದೆ.

ಇನ್ನೊಂದು, ಡ್ಯೂಕ್ ತನ್ನ ಹಳೇ ಮನೆಗೆ ಹೋಗುವ ದೃಶ್ಯ. ಫ್ರೆಡ್ ಅನ್ನೋ ಮುದುಕ ಅವನನ್ನು ಸಾಕಿರುತ್ತಾನೆ. ಡ್ಯೂಕ್ ಒಂದು ದಿನ ದಾರಿ ತಪ್ಪಿ, ನಾಯಿ ಹಿಡಿಯುವವರಿಗೆ ಸಿಕ್ಕಿಬಿಟ್ಟಿರುತ್ತಾನೆ. ಎಷ್ಟೋ ದಿನದ ಮೇಲೆ ಮನೆ ಹುಡುಕಿಕೊಂಡು ಹೋದರೆ ಅಲ್ಲಿ ಬೇರೆಯವರು. ಒಳಗಿನ ಬೆಕ್ಕು ಹೇಳುತ್ತದೆ, ಫ್ರೆಡ್ ತೀರಿಹೋದ ಅಂತ. ಅಷ್ಟು ದೊಡ್ಡ ನಾಯಿ ಅಲ್ಲಿ ಚಿಕ್ಕದಾಗಿ ಕಾಣುತ್ತದೆ. ನನ್ನ ಮಗ ಅಲ್ಲಿ ನಗು ನಿಲ್ಲಿಸಿ, "ಅಪ್ಪಾ, ಅದಕ್ಕ ಯಾರೂ ಹೇಳೇ ಇರಲಿಲ್ಲೇನು?" ಅಂತ ಕೇಳಿದ. ಹತ್ತು ಹನ್ನೆರಡು ವರ್ಷ ಬದುಕುವ ಜೀವವನ್ನು ಮನೆಗೆ ತರುವುದು ಅಂದರೆ ಏನು ಅಂತ ಆ ರಾತ್ರಿ ಅವನ ಜೊತೆ ಮಾತಾಡಿದೆ. ಅವನಿಗೆ ಆಗ ಎಂಟು ವರ್ಷ. ಅರ್ಥವಾಯಿತು.

ಎರಡನೇ ಭಾಗದಲ್ಲಿ ನನಗೆ ಹಿಡಿಸಿದ್ದು ಮ್ಯಾಕ್ಸ್‌ನ ಕೆರೆತ. ಕೇಟಿಗೆ ಮದುವೆಯಾಗಿ ಲಿಯಾಮ್ ಅನ್ನೋ ಮಗು ಹುಟ್ಟುತ್ತದೆ. ಮಗುವಿಗೆ ಏನಾಗುತ್ತದೋ ಅನ್ನೋ ಚಿಂತೆಯಲ್ಲಿ ಮ್ಯಾಕ್ಸ್ ಮೈ ಕೆರೆದುಕೊಳ್ಳುತ್ತಲೇ ಇರುತ್ತಾನೆ, ಕೊರಳಿಗೆ ಪ್ಲಾಸ್ಟಿಕ್ ಕೋನ್ ಹಾಕಿಸಿಕೊಂಡು ಬರುತ್ತಾನೆ. ಆ ಕೋನ್ ನಮ್ಮ ಅಂಗಡಿಯಲ್ಲೂ ಇದೆ. ಕೆರೆತಕ್ಕೆ ಔಷಧಿ ಕೇಳಿದರೆ ಮೊದಲು ಉಣ್ಣಿ ಇದೆಯಾ ನೋಡಿ ಅನ್ನುತ್ತೇನೆ. ಇಲ್ಲದಿದ್ದರೆ ಡಾಕ್ಟರಿಗೆ ತೋರಿಸಿ, ಜೊತೆಗೆ ಮನೆಯಲ್ಲಿ ಏನಾದರೂ ಹೊಸದಾಗಿ ಬದಲಾಗಿದೆಯಾ ಅಂತಲೂ ಹೇಳಿ ಅನ್ನುತ್ತೇನೆ. ಎಷ್ಟೋ ಸಲ ಬದಲಾಗಿರುತ್ತದೆ.

ಹಾಗಾದರೆ ಯಾವ ಜಾತಿ? ನಿಮ್ಮ ಓಣಿಯದೇ. ನಮ್ಮ ಕೆಂಚ ಅಂಗಡಿಯ ಮೆಟ್ಟಿಲ ಕೆಳಗೆ ಹುಟ್ಟಿದವನು. ತೆಳು ಕೂದಲು, ಉದ್ದ ಮೂತಿ, ನೆರಳು ಹುಡುಕುವ ಬುದ್ಧಿ. ಕುರಿ ಕಾಯುವವರ ಜೊತೆ ಹೊಲದಿಂದ ಹೊಲಕ್ಕೆ ನಡೆಯುವ ನಾಯಿಗಳನ್ನು ನೋಡಿ, ಈ ಬಿಸಿಲು ಅವಕ್ಕೆ ಹೊಸದಲ್ಲ. ದುಡ್ಡು ಕೊಟ್ಟು ತರುವವರಿಗೂ ಒಂದು ಮಾತು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಅಂತ 2017ರ ನಿಯಮವೇ ಇದೆ. ನನ್ನ ಕೌಂಟರಿನ ಮೇಲೆ ಇನ್ನೂ ಹಲ್ಲು ಸರಿಯಾಗಿ ಬರದ ಮರಿಗಳನ್ನು ಇಟ್ಟವರಿದ್ದಾರೆ.

ಓಣಿಯ ಮರಿಯನ್ನೂ ಎಂಟು ವಾರ ತಾಯಿಯ ಹತ್ತಿರವೇ ಬಿಡಿ, ಅಲ್ಲಿಯವರೆಗೆ ತಾಯಿಗೆ ರೊಟ್ಟಿ, ಮಜ್ಜಿಗೆ ಹಾಕುತ್ತಿರಿ. ಆಮೇಲೆ ಮನೆಗೆ ತಂದು ಜಂತಿನ ಔಷಧಿ ಕೊಡಿಸಿ. ಪಾರ್ವೋ ರೋಗದ ಲಸಿಕೆ ತಡ ಮಾಡಬೇಡಿ, ಆ ರೋಗ ಬಂದರೆ ರಕ್ತಭೇದಿಯಾಗಿ ಎರಡು ಮೂರು ದಿನದಲ್ಲಿ ಮರಿ ಹೋಗಿಬಿಡುತ್ತದೆ. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ಡಾಕ್ಟರು ಹೇಳಿದ ಹಾಗೆ ವರ್ಷಾವರ್ಷ.

ಮೊದಲ ವಾರ ರಾತ್ರಿಯೆಲ್ಲ ಅಳುತ್ತದೆ. ಪಕ್ಕದ ಮನೆಯವರಿಗೆ ಮುಂಚೆಯೇ ಹೇಳಿಡಿ. ಅಳುತ್ತದೆ ಅಂತ ವಾಪಸ್ ಬಿಟ್ಟು ಬರಬೇಡಿ. ಅದರ ತಾಯಿ ಮಲಗುತ್ತಿದ್ದ ಗೋಣಿಚೀಲದ ಒಂದು ತುಂಡು ತಂದು ಕೆಳಗೆ ಹಾಸಿ, ಮಗಳನ್ನು ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂರಿಸಿ. ವಾಸನೆ ಹಿಡಿದು ಹಾಗೇ ನಿದ್ದೆ ಹೋಗುತ್ತದೆ.