"ವಾಸನೆ ಬರ್ತಿದೆಯಾ ಅಮ್ಮ?"

ದೊಡ್ಡಪ್ಪನ ಕಾಲಿನ ಹುಣ್ಣಿನ ಬಗ್ಗೆ ಆಸ್ಪತ್ರೆಯ ಸಿಸ್ಟರ್ ವಾಟ್ಸಾಪ್‌ನಲ್ಲಿ ಕೇಳಿದ ಈ ಪ್ರಶ್ನೆ ಸೋಮವಾರದಿಂದ ನನ್ನ ತಲೆಯಲ್ಲೇ ಕೂತಿದೆ.

ದೊಡ್ಡಪ್ಪನ ಊರು ಜಗಳೂರಿನಿಂದ ಆಚೆ. ಹೊಲದಲ್ಲಿ ಮೆಕ್ಕೆಜೋಳದ ಕೂಳೆ ಅಂಗಾಲಿಗೆ ಚುಚ್ಚಿತ್ತು. ಚುಚ್ಚಿದ್ದೇ ಅವರಿಗೆ ಗೊತ್ತಾಗಿರಲಿಲ್ಲ. ಪಡಸಾಲೆಯಲ್ಲಿ ರಕ್ತದ ಹೆಜ್ಜೆ ನೋಡಿ ದೊಡ್ಡಮ್ಮ ಕೂಗಿಕೊಂಡರಂತೆ. ಶುಗರ್ ಹಳೆಯದಾದರೆ ಕಾಲಿನ ನರಗಳಿಗೆ ಸ್ಪರ್ಶವೇ ತಿಳಿಯದಂತಾಗಬಹುದು. ನೋವೇ ಇಲ್ಲ ಅಂದಮೇಲೆ ಹೊಲದ ಕೆಲಸ ಬಿಟ್ಟು ದಾವಣಗೆರೆ ಬಸ್ ಹತ್ತುವವರು ಯಾರು? ಅರಿಶಿನ ಮೆತ್ತಿಕೊಂಡು ಓಡಾಡಿದರು. ಆಸ್ಪತ್ರೆಗೆ ಬರುವಷ್ಟರಲ್ಲಿ ಅದು ಹುಣ್ಣಾಗಿತ್ತು.

ಡಾಕ್ಟರು ಸತ್ತ ಚರ್ಮ ತೆಗೆದು, ಆ ಕಾಲಿನ ಮೇಲೆ ಭಾರ ಹಾಕಬೇಡಿ ಎಂದು ಕಳಿಸಿದರು. ಡ್ರೆಸ್ಸಿಂಗ್ ಬದಲಿಸಿದಾಗಲೆಲ್ಲ ಫೋಟೋ ಕಳಿಸಿ ಅಂದರು ಅಲ್ಲಿನ ಸಿಸ್ಟರ್. ಹೇಗೆ ತೆಗೆಯಬೇಕು ಅಂತ ಅತ್ತಿಗೆಗೆ ಕೂರಿಸಿಕೊಂಡು ಹೇಳಿಕೊಟ್ಟರು. ಬಾಗಿಲ ಹತ್ತಿರದ ಬೆಳಕಲ್ಲಿ, ಫ್ಲ್ಯಾಶ್ ಹಾಕದೆ. ಗಾಯದ ಪಕ್ಕ ಸ್ಕೇಲ್, ತಾರೀಕು ಬರೆದ ಚೀಟಿ. ಬೆರಳಿನ ಸಂದಿಯೂ ಕಾಣಬೇಕು. ಅತ್ತಿಗೆ ಮಗಳ ಕಂಪಾಸ್ ಬಾಕ್ಸಿನ ಸ್ಕೇಲನ್ನು ಇದಕ್ಕೇ ಎತ್ತಿಟ್ಟರು. ಹಿಟ್ಟಿನ ಕೈ ತೊಳೆದು ಬಂದು, ಮಾವನ ಪಾದ ಮಡಿಲಲ್ಲಿಟ್ಟುಕೊಂಡು, ಒಂದು ಕೈಯಲ್ಲಿ ಫೋನ್ ಹಿಡಿದು ಫೋಟೋ ತೆಗೆಯುತ್ತಿದ್ದರು. ಬೆಂಗಳೂರಿನ ಕಿರಿ ಮಗ ಗ್ರೂಪಿನಲ್ಲಿ ಕೈಮುಗಿದ ಚಿತ್ರ ಹಾಕುತ್ತಿದ್ದ, ಅಷ್ಟೇ. ಅದು ನನಗೆ ಸರಿ ಕಾಣಲ್ಲ. ಸೊಸೆ ಮಾಡುತ್ತಾಳೆ ಬಿಡು ಅನ್ನುವುದು ನಮ್ಮ ಮನೆಗಳಲ್ಲಿ ತುಂಬ ಸಲೀಸಾಗಿಬಿಟ್ಟಿದೆ.

ಸೋಮವಾರದ ಫೋಟೋ ಚೆನ್ನಾಗಿಯೇ ಇತ್ತು. ಸ್ಕೇಲಿನ ಲೆಕ್ಕದಲ್ಲಿ ಗಾಯ ಸಣ್ಣದಾಗಿತ್ತು. ನಾನಂತೂ ಖುಷಿಪಟ್ಟೆ. ಸಿಸ್ಟರ್ ಮಾತ್ರ ವಾಯ್ಸ್ ಮೆಸೇಜ್ ಕಳಿಸಿದರು: "ವಾಸನೆ ಬರ್ತಿದೆಯಾ ಅಮ್ಮ? ಸುತ್ತ ಮುಟ್ಟಿ ನೋಡಿ, ಬಿಸಿ ಇದೆಯಾ?"

ದೊಡ್ಡಮ್ಮ ಉತ್ತರ ಕೊಟ್ಟರು: "ಏನಿಲ್ಲ ತಾಯಿ, ಆರಾಮೈತೆ." ಪಕ್ಕದಲ್ಲೇ ದೊಡ್ಡಪ್ಪ ಇದ್ದರು. ಮತ್ತೆ ಆಸ್ಪತ್ರೆ ಅಂದರೆ ರೇಗುತ್ತಾರೆ. ಹಟಮಾರಿ ಮನುಷ್ಯ.

ಸ್ವಲ್ಪ ಹೊತ್ತಿಗೆ ಅತ್ತಿಗೆ ಸಿಸ್ಟರ್‌ಗೆ ಬೇರೆಯಾಗಿ ಬರೆದರು: "ಬರ್ತಿದೆ ಸಿಸ್ಟರ್. ನಿನ್ನೆಯಿಂದ."

"ಇವತ್ತೇ ಕರ್ಕೊಂಡು ಬನ್ನಿ. ನಾಳೆ ಬೇಡ."

ಮೇಲೆ ಚರ್ಮ ಕೂಡಿಕೊಳ್ಳುತ್ತಿತ್ತು, ಒಳಗೆ ಕೀವು ತುಂಬಿತ್ತು. ಅಂದು ರಾತ್ರಿಯೇ ಬಿಡಿಸಿ ತೆಗೆದರು. ಎಕ್ಸ್‌ರೇ ಮಾಡಿಸಿದರು. ಮೂಳೆಗೆ ತಗುಲಿದ ಹಾಗೆ ಕಾಣುತ್ತಿಲ್ಲ ಅಂದರು. ಕಾಲು ಉಳಿಯಿತು.

ಫೋಟೋ ಬಣ್ಣ ತೋರಿಸುತ್ತದೆ, ಅಳತೆ ತೋರಿಸುತ್ತದೆ. ವಾಸನೆ, ಬಿಸಿ, ಆಳ, ಪಾದದ ನಾಡಿ ಇವೆಲ್ಲ ಅದರಲ್ಲಿ ಬರಲ್ಲ. ಅದನ್ನು ಆ ಕಡೆಯವರು ಕೇಳಬೇಕು, ಈ ಕಡೆಯವರು ಇದ್ದದ್ದು ಇದ್ದ ಹಾಗೆ ಹೇಳಬೇಕು. ಮಾವನ ಎದುರು ಆಡಲಾಗದ ಮಾತನ್ನು ಅತ್ತಿಗೆ ಬರೆದು ಹೇಳಿದರಲ್ಲ, ನನ್ನ ಪ್ರಕಾರ ಆ ಕಾಲು ಉಳಿಸಿದ್ದು ಅದೇ. ಫೋನ್ ಮೂಲಕ ವೈದ್ಯರು ಸಲಹೆ ಕೊಡಬಹುದೆಂದು 2020ರ ಮಾರ್ಚ್‌ನಲ್ಲಿ ಸರ್ಕಾರದ ಮಾರ್ಗಸೂಚಿಯೇ ಬಂದಿದೆ, ಅದರಲ್ಲಿ ವಾಟ್ಸಾಪ್ ಹೆಸರೂ ಇದೆ. ಆದರೆ ಈ ಸಿಸ್ಟರ್ ಡ್ಯೂಟಿ ಮುಗಿದ ಮೇಲೆ, ಸ್ವಂತ ಫೋನಿನಲ್ಲಿ ಇದನ್ನೆಲ್ಲ ನೋಡುತ್ತಾರೆ. ಆ ಕೆಲಸಕ್ಕೆ ಬೇರೆ ಫೋನು, ಡ್ಯೂಟಿಯಲ್ಲೇ ಸಮಯ, ಎರಡೂ ಕೊಡಬೇಕಲ್ವಾ? ವಾಸಿಯಾದ ಮೇಲೂ ವರ್ಷದೊಳಗೆ 100ರಲ್ಲಿ ಸುಮಾರು 40 ಜನರಿಗೆ ಹುಣ್ಣು ಮತ್ತೆ ಬರುತ್ತದೆ. ಅಂದರೆ ಈ ಫೋಟೋ ಕೆಲಸ ಬೇಗ ಮುಗಿಯುವಂಥದ್ದಲ್ಲ.

ಇನ್ನೊಂದು ವಿಷಯ. ದೊಡ್ಡಮ್ಮನಿಗೂ ಶುಗರ್ ಇದೆ. ಅವರ ಪಾದವನ್ನು ಇಲ್ಲಿತನಕ ಯಾರೂ ತಿರುಗಿಸಿ ನೋಡಿಲ್ಲ, ನನ್ನನ್ನೂ ಸೇರಿಸಿ. ವಾರ್ಡಿನಲ್ಲಿ ಬರಿಗಾಲಲ್ಲಿ ಓಡಾಡುತ್ತಿದ್ದವರನ್ನು ಸಿಸ್ಟರೇ ಕರೆದು ಕೂರಿಸಿದರು. "ಕಣ್ಣು ಮುಚ್ಚಿ ಅಮ್ಮ, ಮುಟ್ಟಿದಾಗ ಹೇಳಿ" ಅಂದರು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿನ ಅಲ್ಲಲ್ಲಿ ಒತ್ತಿದರು. ಹೆಬ್ಬೆರಳ ಕೆಳಗೆ ಒತ್ತಿದಾಗ ದೊಡ್ಡಮ್ಮ ಏನೂ ಹೇಳಲಿಲ್ಲ.

ಅವರಿಗೆ ಎಂಸಿಆರ್ ಚಪ್ಪಲಿ, ಅಂದರೆ ಮೆತ್ತನೆ ರಬ್ಬರಿನ ಚಪ್ಪಲಿ, ಬರೆದುಕೊಟ್ಟಿದ್ದಾರೆ, ಮನೆಯೊಳಗೂ ಹಾಕಿಕೊಳ್ಳಬೇಕಂತೆ. ಅದರ ದುಡ್ಡು ನೀನೇ ಕಳಿಸು, ಅತ್ತಿಗೆಯ ಫೋನ್ ರೀಚಾರ್ಜೂ ನೀನೇ ಮಾಡಿಸು ಎಂದು ಬೆಂಗಳೂರಿಗೆ ಫೋನ್ ಮಾಡಿ ಹೇಳಿದ್ದೇನೆ.